ಅವ್ವ ಊರಿಗಿ ಹೋಗ್ಯಾಳ

ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿ, ಬಡಿಯುತ್ತಿರುವಾಕೆ ಇಂಥವಳೇ ಎಂದು ಹೇಳುವುದು ನಮ್ಮ ಕಡೆ ಒಂದು ಕಾಲಕ್ಕೆ ದೊಡ್ಡ ವಿದ್ಯೆಯೇನೂ ಆಗಿರಲಿಲ್ಲ. ನಡಿಗೆ, ಕೆಮ್ಮು ಒಬ್ಬೊಬ್ಬರದು ಒಂದೊಂದು ಇರುವಂತೆ ಬಡಿತವೂ. ಒಬ್ಬಳದು ಅವಸರದ ಕೈ, ಒಬ್ಬಳದು ಸಿಟ್ಟಿನ ಕೈ, ಹೊಸ ಸೊಸೆಯದು ಅತ್ತೆಗೆ ಕೇಳಲಿ ಎಂದು ಬಡಿಯುವ ಕೈ. ಕಟ್ಟೆಯ ಮೇಲೆ ಕೂತ ಮುದುಕರು, ಹಿಟ್ಟು ಹದವಾಗಿದೆಯೋ ಇಲ್ಲವೋ ಎಂಬುದನ್ನೂ ಕೂತಲ್ಲಿಂದಲೇ ಹೇಳಿಬಿಡುತ್ತಿದ್ದರು. ಈಗ ಕಲಬುರಗಿಯಲ್ಲಿ ನಾನಿರುವ ಮನೆಯ ಹಿಂದೆ ಕಡಕ್ ರೊಟ್ಟಿ ಮಾಡಿ ಮಾರುವವರ ಶೆಡ್ಡೊಂದಿದೆ. ಬೆಳಗಾದರೆ ಹೆಂಗಸರು ಸಾಲಾಗಿ ಕೂತು ಬಡಿಯುತ್ತಾರೆ. ಎಲ್ಲರ ಸಪ್ಪಳ ಬೆರೆತು ಯಾವುದು ಯಾರದೆಂದು ತಿಳಿಯುವುದಿಲ್ಲ. ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ಯಾಕೋ ಒಬ್ಬಳೇ ಬಂದಿದ್ದಳು. ಸಪ್ಪಳ ಬಿಡಿಬಿಡಿಯಾಗಿ ಕೇಳಿತು. ನಾಲ್ಕಾರು ಪೆಟ್ಟು, ನಡುವೆ ಒಂದು ಬಿಡುವು, ಆಮೇಲೆ ಜೋರಾದ ಒಂದು ಪೆಟ್ಟು. ಸೋಸುತ್ತಿದ್ದ ಪುಂಡಿಪಲ್ಯದ ಸೊಪ್ಪನ್ನು ಮೊರದಲ್ಲೇ ಬಿಟ್ಟು ಸುಮ್ಮನೆ ಕೂತೆ. ನೀವೂ ಹೀಗೆ ಒಂದಲ್ಲ ಒಂದು ಸಪ್ಪಳಕ್ಕೆ ಕೆಲಸ ಬಿಟ್ಟು ಕೂತಿರುತ್ತೀರಿ.

ನಮ್ಮೂರು ಚಿತ್ತಾಪುರಕ್ಕೂ ವಾಡಿಗೂ ನಡುವೆ. ಮೊಳದಷ್ಟು ಮಣ್ಣು ತೆಗೆದರೆ ಚಪ್ಪಡಿ ಚಪ್ಪಡಿಯಾಗಿ ಫರ್ಸಿಕಲ್ಲು ಸಿಗುವ ನೆಲ. ಹಾಗಾಗಿ ಗೋಡೆಗೆ ಫರ್ಸಿ, ಮಾಳಿಗೆಗೆ ಫರ್ಸಿ, ದನ ನೀರು ಕುಡಿಯುವ ಬಾನಿಗೂ ಫರ್ಸಿ. ಅವ್ವ ರೊಟ್ಟಿ ಬಡಿಯುತ್ತಿದ್ದುದೂ ಅಂಗೈಗಳಿಂದಲೇ ಸವೆದು ನುಣ್ಣಗಾದ ಒಂದು ಫರ್ಸಿಯ ಮೇಲೆ. ಮಾಳಿಗೆಯ ಮೇಲೆ ಮಳೆನೀರು ಇಳಿಯದಂತೆ ಸವುಳುಮಣ್ಣು ಹಾಸಿ ತುಳಿದಿರುತ್ತಿದ್ದರು, ನಡುವೆ ಒಂದು ಬೆಳಕಿಂಡಿ. ಹೊಗೆ ಅದರಿಂದಲೇ ಹೊರಗೆ ಹೋಗುತ್ತಿತ್ತು, ಬಿಸಿಲು ಅದರಿಂದಲೇ ಒಳಗೆ ಬರುತ್ತಿತ್ತು. ಆ ಬಿಸಿಲ ಕೋಲು ಒಲೆಯ ಕಡೆಗೆ ಸರಿದಾಗ ಅವ್ವ ಎಸರಿಟ್ಟು ಹಿಟ್ಟು ಕಲಸಲು ಕೂಡುವಳು. ಅವಳ ಕೈತುಂಬ ಹಸಿರು ಬಳೆ. ಬಡಿಯುತ್ತ ಬಡಿಯುತ್ತ ಅವು ಜಾರಿ ಮಣಿಕಟ್ಟಿಗೆ ಬರುತ್ತಿದ್ದವು. ಆಗ ಬಡಿಯುವುದನ್ನು ತಡೆದು, ಮೊಣಕಾಲಿಗೆ ಕೈಯೊತ್ತಿ ಬಳೆ ಮೇಲಕ್ಕೆ ಸರಿಸಿ, ಕಳೆದ ಹೊತ್ತನ್ನು ತುಂಬಿಕೊಡುವವಳಂತೆ ಜೋರಾಗಿ ಒಂದು ಪೆಟ್ಟು ಹಾಕುತ್ತಿದ್ದಳು.

ಎದುರುಮನೆಯ ಖಾಸಿಂಬಿ ಹೈದರಾಬಾದ್ ಶಹರದಿಂದ ಮದುವೆಯಾಗಿ ಬಂದಾಕೆ. ಗಂಡ ಫರ್ಸಿ ಕಡಿಯುವ ಕೆಲಸದವನು. ಅನ್ನ ಉಂಡು ಬೆಳೆದ ಆಕೆಯ ಕೈಗೆ ರೊಟ್ಟಿ ಒಗ್ಗುತ್ತಿರಲಿಲ್ಲ. ಅವ್ವನೇ ಕಲಿಸಿದಳು. ನಮ್ಮಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಗೆ ಹೆದರಿ ಆ ಪಾಠ ಅಡುಗೆಮನೆಯಲ್ಲಿ ನಡೆಯದೆ, ದನ ಕಟ್ಟುವ ಮುಂದಿನ ಅಂಕಣದಲ್ಲಿ ಮೂರು ಕಲ್ಲಿಟ್ಟು ನಡೆಯುತ್ತಿತ್ತು.

"ಇದು ರೊಟ್ಟಿ ಅಲ್ಲ ಖಾಸಿಂಬಿ, ನಿಮ್ಮ ನಿಜಾಮನ ಮುಲ್ಕಿನ ನಕ್ಷಾ ಅದ. ಒಂದು ಕಡಿ ಉದ್ದ, ಒಂದು ಕಡಿ ಹರದದ," ಎಂದು ಅವ್ವ ನಗುವಳು.

"ನಗ್ರಿ ಅಕ್ಕಾ, ನಗ್ರಿ. ನಮ್ಮ ಶಹರಕ್ಕ ಬರ್ರಿ, ನಿಮಗ ಬಿರ್ಯಾನಿ ಮಾಡ್ಲಿಕ್ಕಿ ಕೂಡಿಸ್ತೀನಿ."

"ಶಿವಶಿವಾ! ಸಣ್ಣಾಗಿ ಮಾತಾಡ, ಒಳಗ ಆಯಿ ಕೇಳಿದ್ರ ನನಗ ಮನಿ ಬಿಡಸ್ತಾಳ."

ಒಳಗಿಂದ ಆಯಿ ಕೆಮ್ಮುತ್ತಿದ್ದಳು. ಕೇಳಿದೆ ಎಂದು ತಿಳಿಸುವ ಕೆಮ್ಮು ಅದು. ಖಾಸಿಂಬಿ ಕಲಿತದ್ದು ಹೀಗೆ, ಅವ್ವನ ಕೈ ನೋಡಿ, ಅವ್ವನ ಪೆಟ್ಟು ಕೇಳಿ. ಬಳೆ ಸರಿಸುವ ಬಿಡುವನ್ನೂ ಸೇರಿಸಿಕೊಂಡೇ ಕಲಿತಳು.

ಆಮೇಲೆ ಗದ್ದಲ ಬಂತು. ಅದರ ಹೆಸರು ಹಿರಿಯರು ಎತ್ತುತ್ತಿರಲಿಲ್ಲ, ಗದ್ದಲ ಎಂದಷ್ಟೇ ಅನ್ನುತ್ತಿದ್ದರು. ಆ ಬೇಸಿಗೆಯಲ್ಲಿ ಊರೂರೇ ನಿಜಾಮನ ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೋಯಿತು, ನಾವೂ ಹೋದೆವು. ದಾರಿಯುದ್ದಕ್ಕೂ ಆಯಿ ಅವ್ವನನ್ನು ಬೈಯುತ್ತಿದ್ದಳು, ಅವಸರದಲ್ಲಿ ಬೀಗದ ಕೈ ಎಲ್ಲೋ ಕಳೆದಿದ್ದಾಳೆಂದು. ಅವ್ವ ಎದುರು ಮಾತಾಡಲಿಲ್ಲ. ಅಲ್ಲಿ ಸಂಬಂಧಿಕರ ಹಿತ್ತಲ ಕೋಣೆಯಲ್ಲಿ ಮಳೆಗಾಲ ಹಿಡಿಯಿತು, ಅವ್ವನಿಗೆ ಜ್ವರ ಹಿಡಿಯಿತು. ನನ್ನನ್ನು ಬೇರೊಂದು ಊರಿನ ಅತ್ತೆಯ ಮನೆಗೆ ಕಳಿಸಿದರು. ತಿರುಗಿ ಕರೆತಂದಾಗ ಕೋಣೆ ಸಾರಿಸಿತ್ತು, ಅವ್ವ ಇರಲಿಲ್ಲ. ಕೇಳಿದೆ. ಅಪ್ಪ ಎದ್ದು ಹೊರಗೆ ಹೋದ. ಆಯಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ಅವ್ವ ಊರಿಗಿ ಹೋಗ್ಯಾಳ," ಎಂದಳು. ನನಗಾಗ ಏಳೋ ಎಂಟೋ. ಊರಿಗೆ ಹೋಗುವುದು ಎಂದರೆ ನಮ್ಮೂರಿಗೆ ಹೋಗುವುದು ಎಂದೇ ನನ್ನ ತಿಳಿವಳಿಕೆ. ಮನೆ ನೋಡಿಕೊಳ್ಳಲು ಮುಂದಾಗಿ ಹೋಗಿದ್ದಾಳೆ ಎಂದುಕೊಂಡೆ. ಆಮೇಲೆ ನಾನು ಅಳಲಿಲ್ಲ, ಹಟ ಮಾಡಲಿಲ್ಲ. ಊರಿಗೆ ಯಾವಾಗ ಎಂದು ಒಂದನ್ನೇ ಕೇಳುತ್ತಿದ್ದೆ. ಎಷ್ಟು ಶಾಣೆ ಹುಡುಗಿ ಎಂದು ಎಲ್ಲರೂ ಹೊಗಳುತ್ತಿದ್ದರು.

ಪೊಲೀಸ್ ಆ್ಯಕ್ಷನ್ ಆಗಿ, ಚಳಿಗಾಲ ಕಳೆದು, ದಾರಿ ಸುರಕ್ಷಿತ ಎಂದಾದ ಮೇಲೆ ನಾವು ಮರಳಿದೆವು. ವಾಡಿಯವರೆಗೆ ರೈಲು, ಅಲ್ಲಿಂದ ಬಾಡಿಗೆ ಬಂಡಿ. ಆಯಿ ದಾರಿಯುದ್ದಕ್ಕೂ ಮಾಳಿಗೆ ಬಿದ್ದಿರುತ್ತದೆ ಎನ್ನುತ್ತಿದ್ದಳು. ಸವುಳು ಹಾಕದೆ ಒಂದು ಮಳೆಗಾಲ ಬಿಟ್ಟರೆ ಮಾಳಿಗೆ ನಿಲ್ಲುವುದಿಲ್ಲ, ನಿಜ. ಬಂಡಿ ಓಣಿಗೆ ತಿರುಗಿತು. ನಮ್ಮ ಮಾಳಿಗೆ ನಿಂತಿತ್ತು. ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ಅಷ್ಟರಲ್ಲಿ ಒಳಗಿಂದ ಆ ಸಪ್ಪಳ ಬಂತು. ನಾಲ್ಕಾರು ಪೆಟ್ಟು, ಬಿಡುವು, ಜೋರಾದ ಒಂದು ಪೆಟ್ಟು. ಅಪ್ಪ ಎತ್ತಿನ ಹಗ್ಗ ಜಗ್ಗಿ ಹಿಡಿದ. ನಾನು ಬಂಡಿಯಿಂದ ಜಿಗಿದೆ.

"ಏ ನೀಲಾ, ನಿಂದ್ರ! ಹುಳಾ ಹುಪ್ಪಡಿ ಇರ್ತಾವ!" ಎಂದು ಆಯಿ ಕೂಗುತ್ತಲೇ ಇದ್ದಳು. ನಾನು "ಅವ್ವಾ" ಎನ್ನುತ್ತ ಒಳಗೆ ಓಡಿದ್ದೆ.

ಮುಂದಿನ ಅಂಕಣದಲ್ಲಿ, ಮೂರು ಕಲ್ಲಿನ ಒಲೆಯ ಮುಂದೆ, ಬೆನ್ನು ಮಾಡಿ ಕೂತಾಕೆ ಹೊರಳಿ ನೋಡಿದಳು. ಖಾಸಿಂಬಿ. ಅವಳ ಮುಂಗೈ ಬೋಳಾಗಿತ್ತು. ಒಂದು ಬಳೆಯೂ ಇರಲಿಲ್ಲ. ಸರಿಸಲು ಬಳೆಯಿಲ್ಲದಿದ್ದರೂ ಕೈ ಅದೇ ಜಾಗದಲ್ಲಿ ತಡೆಯುತ್ತಿತ್ತು.

"ಯಾ ಅಲ್ಲಾ, ನೀಲಾ! ಎಷ್ಟ್ ಉದ್ದ ಆಗಿದಿ ಬೇಟಾ!" ಎಂದು ಹಿಟ್ಟಿನ ಕೈ ಚಾಚಿದಳು. ಆಮೇಲೆ ನನ್ನ ಹಿಂದೆ ನೋಡಿದಳು. "ಅಕ್ಕ ಎಲ್ಲಿ? ಬಂಡ್ಯಾಗ ಅದಾಳೇನು?"

"ಅವ್ವ ಇಲ್ಲೇ ಅದಾಳಲ್ಲ. ನಮಗಿಂತ ಮೊದಲೇ ಊರಿಗಿ ಬಂದಾಳ. ಆಯಿ ಹೇಳ್ಯಾಳ."

ಖಾಸಿಂಬಿ ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದಳು. ನಾನೂ ಹೊರಳಿದೆ. ಹೊಸ್ತಿಲಾಚೆ ಆಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಖಾಸಿಂಬಿ ಕೂತಲ್ಲೇ ಕುಸಿದು, "ಅಕ್ಕಾ, ಬೀಗದ ಕೈ ಇಸ್ಕೊಳ್ಳಿಕ್ಕಿ ಬರ್ತೀನಿ ಅಂದಿದ್ದಿ, ಅಕ್ಕಾ," ಎಂದು ಎದೆ ಬಡಿದುಕೊಂಡು ಅತ್ತಳು. ಅವ್ವನಿಗಾಗಿ ಒಬ್ಬರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಎಲ್ಲರೂ ನನ್ನ ಕಣ್ಣು ತಪ್ಪಿಸಿ ಅತ್ತಿದ್ದರು. ಆಗ ನನಗೆ ತಿಳಿಯಿತು. ಆಕೆಯ ಮಡಿಲಿಗೆ ಬಿದ್ದು ನಾನೂ ಅತ್ತೆ, ತಿಂಗಳುಗಟ್ಟಲೆ ಶಾಣೆಯಾಗಿದ್ದುದನ್ನೆಲ್ಲ ಸೇರಿಸಿ.

ಆಯಿ ಹೊಸ್ತಿಲಾಚೆಯೇ ಇದ್ದಳು. ಲಿಂಗಪೂಜೆಯ ಮನೆಯಲ್ಲಿ ಖಾಸಿಂಬಿ ಒಲೆ ಹೂಡಿದ್ದಾಳೆ. ಮಠದ ಅಯ್ಯನವರು ಬಂದು ಶುದ್ಧಿಯ ನೀರು ಚಿಮುಕಿಸುವ ತನಕ ಆಯಿ ಒಳಗೆ ಕಾಲಿಡುವವಳಲ್ಲ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು.

"ರೊಟ್ಟಿ ಸುಡ್ಲಿಕತ್ತದ, ಕಾಣಂಗಿಲ್ಲೇನು ಇಬ್ರಿಗೂ?" ಎಂದು ಬೈಯುತ್ತ ಆಯಿ ಚಪ್ಪಲಿಯಲ್ಲೇ ಒಳಗೆ ನುಗ್ಗಿ, ಬರಿಗೈಯಲ್ಲಿ ರೊಟ್ಟಿ ಎಳೆದು ಒಗೆದು, ಬೆರಳು ಊದಿಕೊಳ್ಳುತ್ತ ಅಲ್ಲೇ ಕೂತುಬಿಟ್ಟಳು.

"ಕೂಸಿಗಿ ಯಾಕ ಹೇಳಿಲ್ರಿ ಅಮ್ಮಾ?"

"ಹ್ಯಾಂಗ ಹೇಳಬೇಕಿತ್ತು? ನೀನೇ ಹೇಳು, ಹ್ಯಾಂಗ ಹೇಳಬೇಕಿತ್ತು?"

ಖಾಸಿಂಬಿ ಎದ್ದು ತನ್ನ ಗಂಟು ಕಟ್ಟತೊಡಗಿದಳು. ಬೀಗದ ಕೈಯನ್ನು ಅವ್ವನೇ ಹೊರಡುವಾಗ ಆಕೆಯ ಕೈಗೆ ಕೊಟ್ಟಿದ್ದಳಂತೆ. ಮಳೆಗೆ ಮೊದಲು ಗಂಡ ಹೆಂಡತಿ ಮಾಳಿಗೆಗೆ ಸವುಳು ಹಾಕಿದ್ದರು. ನಾವು ಊರು ಬಿಟ್ಟದ್ದು ಒಂದು ಗದ್ದಲಕ್ಕೆ. ಅದರ ಸೇಡು ತೀರಿಸಲು ಬಂದ ಇನ್ನೊಂದು ಗದ್ದಲದಲ್ಲಿ ಆಕೆಯ ಮನೆ ಸುಟ್ಟಿತ್ತು. ವಾಡಿ ಸ್ಟೇಶನ್ನಿಗೆಂದು ಹೋದ ಗಂಡ ತಿರುಗಿ ಬಂದಿರಲಿಲ್ಲ. ಸತ್ತದ್ದು ಖರೆ ಎಂದು ನೋಡಿದವರು ಹೇಳಿದ್ದರು, ಎಲ್ಲಿ ಹೂಳಿದರೆಂದು ಹೇಳುವವರಿರಲಿಲ್ಲ.

"ಒಳಗಿನ ಒಲಿ ಮುಟ್ಟಿಲ್ರಿ ಅಮ್ಮಾ. ಅಮಾಸಿಗೊಮ್ಮಿ ಸಾರಿಸೀನಿ, ಅಷ್ಟೇ. ಕೀಲಿ ತಗೋರಿ, ನಾ ಹೋಗ್ತೀನಿ."

"ಎಲ್ಲಿಗಿ ಹೋಗ್ತಿ? ಕೂಸಿಗಿ ಅಳಿಸಿದಾಕಿ ನೀ, ಸಮಾಧಾನ ಮಾಡಾಕಿನೂ ನೀನೇ. ಕುಂದ್ರು."

ಹೀಗೆ ಖಾಸಿಂಬಿ ಉಳಿದಳು. ಆಯಿ ಬದಲಾದಳು ಎಂದರೆ ಸುಳ್ಳಾಗುತ್ತದೆ. ಮರುದಿನ ಅಯ್ಯನವರು ಬಂದರು, ನೀರೂ ಬಿತ್ತು. ಖಾಸಿಂಬಿಯ ಒಲೆ ಮುಂದಿನ ಅಂಕಣದಲ್ಲಿ, ನಮ್ಮದು ಒಳಗೆ. ಆಕೆಯ ಕೈಯ ರೊಟ್ಟಿಯನ್ನು ಆಯಿ ಕಡೆತನಕ ತಿನ್ನಲಿಲ್ಲ. ನಾನು ಎರಡೂ ಕಡೆ ತಿನ್ನುತ್ತಿದ್ದೆ. ಒಳಗೆ ಉಣ್ಣಲು ಕೂತಾಗ ಹೊಟ್ಟೆ ತುಂಬಿದೆ ಎಂದರೆ, "ಹೌದು, ಗಾಳಿ ತಿಂದು ತುಂಬ್ಯಾದ," ಎಂದು ಆಯಿ ತಾಟು ತೆಗೆಯುತ್ತಿದ್ದಳು. ಅಪ್ಪ ಮತ್ತೆ ಮದುವೆಯಾಗಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ. ಖಾಸಿಂಬಿ ನನ್ನ ತಲೆ ಬಾಚುತ್ತ ಅವ್ವನ ಮಾತಾಡುತ್ತಿದ್ದಳು. ಅವ್ವನಿಗೆ ಹಲ್ಲಿ ಕಂಡರೆ ಹೆದರಿಕೆಯಿತ್ತು, ಕದ್ದು ಹಸಿ ಹುಣಸೆ ತಿನ್ನುತ್ತಿದ್ದಳು, ಸಿಟ್ಟು ಬಂದಾಗ ಎಮ್ಮೆಗೆ ಬೈಯುತ್ತಿದ್ದಳು. ಇವನ್ನೆಲ್ಲ ನಮ್ಮ ಮನೆಯವರು ಯಾರೂ ಹೇಳಿರಲಿಲ್ಲ. ಅವರ ಮಾತಿನಲ್ಲಿ ಅವ್ವ ಪುಣ್ಯವಂತೆ ಮಾತ್ರ ಆಗಿದ್ದಳು.

ಒಂದು ಸಂಜೆ ಹಿತ್ತಲಲ್ಲಿ ನಾನು ಕೇಳಿದೆ, ಅವ್ವನಿಗೆ ಮಣ್ಣು ಕೊಟ್ಟದ್ದು ಎಲ್ಲಿ ಎಂದು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಖಾಸಿಂಬಿಯವರಲ್ಲೂ ಅಷ್ಟೇ. ಸತ್ತವರಿಗೆ ತಮ್ಮವರು ಹಿಡಿ ಮಣ್ಣು ಹಾಕಬೇಕು. ನಾನು ಅವ್ವನಿಗೆ ಹಾಕಿರಲಿಲ್ಲ, ಆಕೆ ಗಂಡನಿಗೆ ಹಾಕಿರಲಿಲ್ಲ. ಖಾಸಿಂಬಿ ಬೇವಿನ ಬುಡದಲ್ಲಿ ಕುಡುಗೋಲಿನಿಂದ ಎರಡು ತಗ್ಗು ತೋಡಿದಳು. "ಹಾಕು ಬೇಟಾ. ದೂರ ಅಂದ್ರ ಏನಾತು, ಎಲ್ಲಾ ಒಂದೇ ನೆಲ," ಎಂದಳು. ನಾನು ಮಣ್ಣು ಹಿಡಿದೆ. ಹಿಂದೆ ಆಯಿಯ ಕೆಮ್ಮು ಕೇಳಿತು. ಇಬ್ಬರೂ ಹೆದರಿ ನಿಂತೆವು. ಇಂಥದ್ದು ಯಾವ ಶಾಸ್ತ್ರದಲ್ಲೂ ಇಲ್ಲ, ಅವರದರಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ.

"ಎಡಗೈಲೆ ಹಾಕ್ತಾರೇನ ಮಣ್ಣು?" ಎಂದಳು ಆಯಿ. "ಬಲಗೈ, ಬಲಗೈ. ಇಷ್ಟು ವರ್ಷ ಆದಾಕಿ, ನೀನರ ಹೇಳಬಾರದೇನ ಖಾಸಿಂಬಿ?"

ನಾನು ಕೈ ಬದಲಿಸಿದೆ. ಖಾಸಿಂಬಿ ತನ್ನ ಮಣ್ಣು ಹಾಕಿದಳು. ಆಯಿ ಬಾಗಲಾರದೆ ಬಾಗಿ, ಎರಡಕ್ಕೂ ಒಂದೊಂದು ಹಿಡಿ ಹಾಕಿ, ಸೊಂಟ ಹಿಡಿದುಕೊಂಡು ಒಳಗೆ ಹೋದಳು.

ಆಯಿ ಹೋದಳು, ಅಪ್ಪ ಹೋದ. ಖಾಸಿಂಬಿ ನನ್ನ ಮದುವೆ ನೋಡಿ, ನನ್ನ ಮೊದಲ ಕೂಸಿಗೆ ನೀರೆರೆದು, ಆಮೇಲೆ ಹೋದಳು. ಆಕೆಗೆ ನಾನೇ ಮಣ್ಣು ಹಾಕಬೇಕೆಂದಿದ್ದೆ. ಹೆಂಗಸರು ಖಬರಸ್ತಾನಕ್ಕೆ ಬರುವಂತಿಲ್ಲ ಎಂದರು. ದೂರ ನಿಂತು ನೋಡಿದೆ. ಓಣಿ ಈಗ ಇಲ್ಲ, ಹಿತ್ತಲ ಬೇವೂ ಇಲ್ಲ. ಊರನ್ನು ಆಚೆಗೆ ಸರಿಸಿ ಅಲ್ಲೆಲ್ಲ ಕಲ್ಲಿನ ಗಣಿ ಮಾಡಿದ್ದಾರೆ. ಒಮ್ಮೆ ಹೋಗಿ ಅಂಚಿನಲ್ಲಿ ನಿಂತು ಬಂದೆ. ಕಲ್ಲು ತೆಗೆಯಲು ಮೊದಲು ಮೇಲಿನ ಮಣ್ಣನ್ನೆಲ್ಲ ಎತ್ತಿ ಲಾರಿಗಳಲ್ಲಿ ಹೊರಗೆ ಸಾಗಿಸುತ್ತಾರಂತೆ. ಎಲ್ಲಿಗೆ ಎಂದು ಅಲ್ಲಿದ್ದವನನ್ನು ಕೇಳಿದೆ. "ಬೇಕಾದವ್ರು ಒಯ್ತಾರ್ರಿ ಅಮ್ಮಾ, ಹೊಲಕ್ಕ ಹಾಕ್ಕೊಳ್ಳಿಕ್ಕಿ. ಭಾಳ ಛಲೋ ಮಣ್ಣು," ಎಂದ. ಹೌದಪ್ಪ, ಛಲೋ ಮಣ್ಣು ಎಂದು ನಾನೂ ಹೇಳಿ ಬಸ್ಸಿನ ಕಡೆ ನಡೆದೆ.