ವಿಮಾನದ ಕಾಲಿಗೆ ನಿಂಬೆಹಣ್ಣು

ಆಯುಧ ಪೂಜೆಯ ದಿನ ಸ್ನಾನ ಮುಗಿಸಿ ಗಿರಣಿಯೊಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಹಿಟ್ಟಿನ ಯಂತ್ರಕ್ಕೆ, ತಕ್ಕಡಿಗೆ, ನಮ್ಮ ಯಜಮಾನರ ಹಳೆಯ ಸ್ಕೂಟರಿಗೆ ವಿಭೂತಿ ಬಳಿದು ಸೇವಂತಿಗೆ ಏರಿಸಿಯಾಗಿತ್ತು. ಅದು ಪ್ರತಿ ವರ್ಷದ್ದು. ಈ ಸಲ ಆ ಸಾಲಿನ ಕೊನೆಗೆ ನನ್ನ ಮಾದರಿ ವಿಮಾನವೂ ಇತ್ತು. ಮೂತಿಗೆ ವಿಭೂತಿ, ನಡುವೆ ಕುಂಕುಮ, ರೆಕ್ಕೆಯ ಮೇಲೆ ಹೂವು. ಯಜಮಾನರು ಅದರ ಪುಟ್ಟ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟು, ಸ್ಕೂಟರಿಗೆ ಮಾಡಿದ ಹಾಗೆಯೇ ಹಿಂದಿನಿಂದ ಮೆಲ್ಲಗೆ ದೂಡುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಟಿಕ್ ಎಂದು ಸದ್ದಾಯಿತು. ನಿಂಬೆಹಣ್ಣಿಗೆ ಏನೂ ಆಗಿರಲಿಲ್ಲ. ವಿಮಾನದ ಎಡಗಾಲು ಮುರಿದಿತ್ತು.

ಮರುದಿನ ದಸರೆ, ಅದರ ಮರುದಿನ ದಾವಣಗೆರೆಯಲ್ಲಿ ಸ್ಪರ್ಧೆ.

ಕಾಲೇಜಿನಲ್ಲಿ ಎನ್‌ಸಿಸಿ ವಾಯುದಳದಲ್ಲಿದ್ದಾಗ ನಾನು ಈ ಕೆಲಸ ಕಲಿತದ್ದು. ಆಗ ಸ್ಪರ್ಧೆಗಳಿಗೂ ಹೋಗುತ್ತಿದ್ದೆ. ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಜನರ ರಕ್ತ ಪರೀಕ್ಷೆ ಮಾಡುವುದರಲ್ಲೇ ಆಯುಷ್ಯ ಕಳೆಯಿತು. ನಿವೃತ್ತಿಯಾದ ಮೇಲೆ ಮತ್ತೆ ಚಾಕು, ಅಂಟು, ಹಗುರ ಮರದ ಹಾಳೆ ಹಿಡಿದು ಕೂತೆ. ಓಣಿಯವರು ಅರವತ್ತಕ್ಕೆ ಅರಳು ಮರಳು ಎಂದರು. ಅನ್ನಲಿ, ಅವರ ಬಾಯಿ ಅವರದು. ಆದರೆ ಹೋದ ವರ್ಷ ಸ್ಪರ್ಧೆಗೆ ಹೋದಾಗ ಅಲ್ಲಿದ್ದ ಹುಡುಗಿಯೊಬ್ಬಳು, "ಮೊಮ್ಮಗನ್ದಾ ಅಜ್ಜಿ?" ಎನ್ನುತ್ತಾ ನನ್ನ ವಿಮಾನವನ್ನು ಶಾಲೆಯ ಮಕ್ಕಳ ಮೇಜಿನ ಮೇಲೆ ಇಟ್ಟುಬಿಟ್ಟಳು. ನಾನು ಜಗಳ ಮಾಡಿ ದೊಡ್ಡವರ ಮೇಜಿಗೆ ತರುವಷ್ಟರಲ್ಲಿ ತೀರ್ಪುಗಾರರು ಆ ಮೇಜು ಮುಗಿಸಿ ಹೋಗಿದ್ದರು.

ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಈ ವರ್ಷ ತೀರ್ಪುಗಾರರು ಬಗ್ಗಿ ನೋಡಬೇಕು, ದೊಡ್ಡವರ ಮೇಜಿನಲ್ಲೇ ಮೊದಲ ಮೂರರಲ್ಲಿ ಬರಬೇಕು. ಬೇಸಿಗೆಯಿಂದ ಅದೊಂದೇ ಧ್ಯಾನ. ಕಟ್ಟಿದ್ದು ವಾಯುಪಡೆಯ ಹಳೆಯ ತರಬೇತಿ ವಿಮಾನ, ಒಂದು ತೋಳಿನಷ್ಟು ಅಗಲದ್ದು. ನನ್ನ ಕೆಲಸದ ಮೇಜು ಗಿರಣಿಯ ಹಿಂದಿನ ಕೋಣೆಯಲ್ಲಿದೆ. ಹಿಟ್ಟಿನ ಧೂಳು ಹಸಿ ಬಣ್ಣದ ಮೇಲೆ ಕೂರುತ್ತದೆಂದು ಕರೆಂಟು ಹೋಗಿ ಗಿರಣಿ ನಿಂತಾಗ ಮಾತ್ರ ಬಣ್ಣ ಹಚ್ಚುತ್ತಿದ್ದೆ. ಊರೆಲ್ಲ ಕರೆಂಟಿನವರಿಗೆ ಶಾಪ ಹಾಕುವಾಗ ನಾನೊಬ್ಬಳು ಕುಂಚ ಹುಡುಕುತ್ತಿದ್ದೆ.

ಅಂಥ ವಿಮಾನ ಈಗ ಕುಂಟಾಗಿ ಒಂದು ಕಡೆ ಒರಗಿತ್ತು.

"ಏನ್ ಮಾಡಿದ್ರಿ ಇದು?" ಎಂದೆ.

"ಪೂಜಿ ಮಾಡಿದೆ," ಎಂದರು ಯಜಮಾನರು, ಮುಖ ಬಿಳಿಚಿಕೊಂಡು. "ಗಿರಣಿ ನಂದು, ಇದು ನಿಂದು. ಆಯುಧ ಅಲ್ಲೇನು?"

ನನ್ನ ಬಾಯಿ ಎಂಥದೆಂದು ಕೊಟ್ಟೂರಿಗೆಲ್ಲ ಗೊತ್ತು. ಆದರೆ ಆ ಹೊತ್ತು ಮಾತು ಹೊರಡಲಿಲ್ಲ. ಅಷ್ಟು ವರ್ಷ ನೌಕರಿ ಮಾಡಿದೆ, ನನ್ನದು ಎನ್ನುವ ಒಂದು ವಸ್ತುವೂ ಆ ಸಾಲಿಗೆ ಬಂದಿರಲಿಲ್ಲ. ಈಗ ಬಂದಿದೆ, ಬಂದದ್ದೇ ಮುರಿದಿದೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ವಿಮಾನ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ವಿಭೂತಿ, ಕುಂಕುಮ ಒದ್ದೆ ಹತ್ತಿಗೆ ಬಂದವು. ಕಾಲಿನದೇ ಕಷ್ಟ. ಬಿದಿರು ಸೀಳಿ ಮಾಡಿದ ಕಡ್ಡಿ ನಡುವೆಯೇ ಮುರಿದಿತ್ತು. ಹೊಸದು ಮಾಡಿ ಕೂರಿಸಬೇಕೆಂದರೆ ವಿಮಾನದ ಹೊಟ್ಟೆ ಬಗೆಯಬೇಕು, ಅಷ್ಟು ಸಮಯವಿಲ್ಲ. ರಕ್ತ ತೆಗೆಯುವ ಹೊಸ ಸೂಜಿಯೊಂದನ್ನು ತುಂಡು ಮಾಡಿ, ಮುರಿದ ಎರಡೂ ತುದಿಗೆ ತೂತು ಕೊರೆದು, ಒಳಗೆ ಆ ಸೂಜಿ ತೂರಿಸಿ ಅಂಟು ಬಿಟ್ಟೆ. ಉಸಿರು ಬಿಟ್ಟರೆ ಎಲ್ಲಿ ವಾರೆಯಾಗುತ್ತದೋ ಎಂದು ಉಸಿರೂ ಹಿಡಿದೆ. ಅಂಟು ಕಚ್ಚಿತು. ಎದುರು ನಿಂತು ನೋಡಿದರೆ ಎಡಗಾಲು ಒಂದು ಎಳೆ ಗಿಡ್ಡವಾಗಿತ್ತು. ಮತ್ತೆ ಬಿಚ್ಚುವ ಧೈರ್ಯ ನನಗಿರಲಿಲ್ಲ.

ಸ್ಪರ್ಧೆಯಲ್ಲಿ ವಿಮಾನ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಬಿದ್ದರೆ ಹೊರಗೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ಪ್ರತಿ ಉಬ್ಬಿಗೂ ಕೈಯಲ್ಲಿ ಎತ್ತಿ ಹಿಡಿದೆ. ಪಕ್ಕದಲ್ಲಿ ಕೂತ ಯಜಮಾನರು, "ನಾ ಹಿಡೀಲೇನು?" ಎಂದರು. ನಾನು ಡಬ್ಬಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಸ್ಪರ್ಧೆಯ ಹಾಲ್ ಮುಟ್ಟಿದ ಮೇಲೆ ಹೊರಗೆ ಕೂರಲು ಹೇಳಿದೆ, ಕೂತರು.

ಈ ಸಲ ದೊಡ್ಡವರ ಮೇಜಿನಲ್ಲೇ ಜಾಗ ಸಿಕ್ಕಿತು. ವಿಮಾನ ಇಟ್ಟು ಕೈ ತೆಗೆದೆ, ನಿಂತಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಯಾರಾದರೂ ಮೇಜಿಗೆ ತಾಗಿದರೆ ನಾನು ಎರಡೂ ಕೈ ಮುಂದೆ ಚಾಚುತ್ತಿದ್ದೆ. ಕನ್ನಡಕದ ತೀರ್ಪುಗಾರರು ಒಂದು ಕೈಯಲ್ಲಿ ನಿಜವಾದ ವಿಮಾನದ ಫೋಟೋ ಹಿಡಿದು, ಬಗ್ಗಿ, ಮೂತಿಯಿಂದ ಬಾಲದವರೆಗೂ ನೋಡಿದರು. ನಾನು ಬಯಸಿದ್ದ ಹಾಗೆಯೇ ಬಗ್ಗಿದ್ದರು, ಆದರೆ ಖುಷಿಪಡಲು ಆಗಲಿಲ್ಲ.

"ಮೇಡಂ, ಎತ್ತಿ ಕೆಳಭಾಗ ತೋರಿಸಿ," ಎಂದರು. ಎತ್ತಿದೆ. ಮತ್ತೆ ಇಡುವಾಗ ಮೊದಲು ಬಲಗಾಲು ಊರಿಸಿದೆ, ಆಮೇಲೆ ಎಡಗಾಲು. ಸಣ್ಣಗೆ ಅಲುಗಿತು. ನಿಂತಿತು.

"ಎಡಗಾಲು ಗಿಡ್ಡ ಇದೆಯಲ್ಲ?"

"ಮುರಿದಿತ್ತು. ಜೋಡಿಸಿದ್ದೇನೆ."

ಅವರು ತಲೆಯಾಡಿಸಿ ಬರೆದುಕೊಂಡು ಮುಂದೆ ಹೋದರು. ನನಗೆ ಬಂದದ್ದು ನಾಲ್ಕನೇ ಸ್ಥಾನ. ಆಮೇಲೆ ಅವರನ್ನೇ ಹುಡುಕಿ ಕೇಳಿದೆ. "ಆ ಕಾಲೊಂದು ಸರಿ ಇದ್ದಿದ್ದರೆ ಮೂರನೆಯದು ನಿಮ್ಮದೇ ಮೇಡಂ," ಎಂದರು.

ವಾಪಸು ಬಸ್ಸಿನಲ್ಲಿ ಯಜಮಾನರು ಕೇಳಿದರು, "ಕಾಲಿಂದ ಹೋತೇನು?"

ಅವರ ಮುಖ ನೋಡಿದೆ. "ಇಲ್ರಿ. ಬಣ್ಣ ಸರಿ ಬಿದ್ದಿಲ್ಲಂತ," ಎಂದೆ.

ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಜನ ಇಳಿದು ಹತ್ತಿ, ಬಸ್ಸು ಮತ್ತೆ ಹೊರಟ ಮೇಲೆ ಅವರು ಮೆಲ್ಲಗೆ ಹೇಳಿದರು, "ನೀ ಡಬ್ಬಿ ಕಟ್ಟುವಾಗ ಹೊರಗ ಬಂದ ಆ ಕನ್ನಡಕದ ಸಾಹೇಬ್ರನ್ನ ನಾ ಕೇಳೀನಿ."

"ಗೊತ್ತಿದ್ದೂ ನನ್ನ ಯಾಕ ಕೇಳಿದ್ರಿ?"

"ಪೂಜಿ ದಿನದಿಂದ ಬೈತಿ ಬೈತಿ ಅಂತ ಕಾಯ್ಕಂತ ಕುಂತೀನಿ. ನೀ ಒಂದು ಮಾತೂ ಬೈಲಿಲ್ಲ. ಬೈದಿದ್ರ ಹಗುರ ಆಗ್ತಿತ್ತು."

ನಾನು ಬೈಯಲು ಶುರು ಮಾಡಿದೆ. ಬಾಯಿಗೆ ಬಂದದ್ದೆಲ್ಲ ಬೈದೆ, ನಡುವೆ ಅಳು ಬಂತು, ಸೆರಗಿನಿಂದ ಒರೆಸಿಕೊಂಡು ಮತ್ತೆ ಬೈದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಯಜಮಾನರು ತಲೆ ತಗ್ಗಿಸಿಕೊಂಡು ಕೊಟ್ಟೂರು ಬರುವವರೆಗೂ ಎಲ್ಲ ಕೇಳಿಸಿಕೊಂಡರು.