ಹಸಿರು ದಾರದ ಗಂಟು

ನುಸಿಗುಳಿಗೆಯ ವಾಸನೆಗೆ ನನ್ನ ಮೂಗು ಸತ್ತು ಎಷ್ಟೋ ವರ್ಷವಾಯಿತು. ಊಟಿಯ ಒಂದು ಸಣ್ಣ ಸಸ್ಯಸಂಗ್ರಹಾಲಯದಲ್ಲಿ, ಒಣಗಿಸಿದ ಗಿಡಗಳ ಬೀರುಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಹೊಸಬರು ಬಾಗಿಲಲ್ಲೇ ಸೀನಲು ಶುರುಮಾಡುತ್ತಾರೆ, ನನಗೆ ಏನೂ ಆಗುವುದಿಲ್ಲ. ಆದರೆ ಕಳೆದ ವಾರ ಜೇಕುಹುಲ್ಲಿನ ಬೀರು ತೆರೆದು ಒಂದು ಹಾಳೆಯನ್ನು ಬೋರಲು ಹಾಕಿದಾಗ ಅದೇ ವಾಸನೆ ಗಂಟಲಿಗೆ ಹತ್ತಿತು. ಹಾಳೆಯ ಬೆನ್ನಿನ ಮೇಲೆ ಹಸಿರು ದಾರದ ಗಂಟುಗಳಿದ್ದವು, ಸಾಸಿವೆ ಕಾಳಿನಷ್ಟು ಸಣ್ಣವು... ಹೊಲಿಗೆ ಅಕ್ಕನ ಕೈಕೆಲಸ.

ಎಲ್ಲರೂ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಊಟಿ ಪಕ್ಕದ ಕೆತ್ತಿಯ ಒಂದು ಹಟ್ಟಿಯವರು, ನೀಲಗಿರಿಯ ಬಡಗ ಜನದ ಹೆಂಗಸು. ಬೆಳಗ್ಗೆ ಎದ್ದು ತಮ್ಮ ತುಂಡು ತೋಟದಲ್ಲಿ ಟೀ ಲೀಫು ಕಿತ್ತು, ಫ್ಯಾಕ್ಟರಿಯ ವ್ಯಾನಿಗೆ ಹಾಕಿ, ಹತ್ತು ಗಂಟೆಯ ಹೊತ್ತಿಗೆ ಬಸ್ಸಿಳಿದು ಬರುತ್ತಿದ್ದರು. ಒಣಗಿದ ಗಿಡವನ್ನು ದಪ್ಪ ಹಾಳೆಗೆ ಹೊಲಿಯುವುದು ಅವರ ಕೆಲಸ. ಬರೀ ಅಂಟು ಹಚ್ಚಿದರೆ ಊಟಿಯ ಥಂಡಿಗೆ ಬಿಟ್ಟುಕೊಂಡು ಬಿಡುತ್ತದೆ, ಅದಕ್ಕೇ ಸೂಜಿ ದಾರ. ಟೀ ಕಿತ್ತು ಬಿರುಕುಬಿಟ್ಟ ಆ ಬೆರಳುಗಳಲ್ಲಿ, ಮುಟ್ಟಿದರೆ ಪುಡಿಯಾಗುವ ಹೂವು ಕೂಡ ಒಂದೆಸಳು ಉದುರುತ್ತಿರಲಿಲ್ಲ. ನನ್ನಂಥವಳು ಕೈ ಹಾಕಿದರೋ, ದೇವರೇ ಗತಿ!

ಅವರದೊಂದು ಪದ್ಧತಿಯಿತ್ತು. ಎಲ್ಲ ಗಿಡಕ್ಕೂ ಬಿಳಿ ದಾರ. ಆದರೆ ಗಿಡಕ್ಕೂ ಅದು ಸಿಕ್ಕ ಊರು ಬರೆದ ಚೀಟಿಗೂ ಹೊಂದುತ್ತಿಲ್ಲ ಎಂದು ಸಂಶಯ ಬಂದರೆ ಹಸಿರು ದಾರ. ಮುಂದಿನಿಂದ ಕಾಣುವುದಿಲ್ಲ, ಕಾಂಡದ ಬಣ್ಣದಲ್ಲಿ ಬೆರೆತು ಹೋಗುತ್ತದೆ. ಹಾಳೆ ತಿರುವಿದವರಿಗೆ ಮಾತ್ರ ಗೊತ್ತಾಗುತ್ತದೆ. ಸಂಶಯ ತೀರಿದ ಮೇಲೆ ಹಸಿರು ಬಿಚ್ಚಿ ಬಿಳಿ ಹಾಕುತ್ತಿದ್ದರು. ಇಂಗ್ಲಿಷಿನಲ್ಲಿದ್ದ ಚೀಟಿಯನ್ನು ಅವರು ಓದಲಾರರು, ಊರಿನ ಹೆಸರನ್ನು ನಮ್ಮ ಕೈಲಿ ಓದಿಸಿಕೊಳ್ಳುತ್ತಿದ್ದರು. ಗಿಡವನ್ನು ಮಾತ್ರ ಚೆನ್ನಾಗಿ ಓದುತ್ತಿದ್ದರು.

ನಾನು ಅಲ್ಲಿಗೆ ಸೇರಿದಾಗ ಇಪ್ಪತ್ತಮೂರು. ನಮ್ಮಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಹತ್ತಿರದ ನಂಜನಾಡಿನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದವರು. ಮಗಳು ಗಿಡದ ಪಾಠ ಓದಿ ಗಿಡದ ಕೆಲಸಕ್ಕೇ ಸೇರಿದ್ದು ಅವರಿಗೆ ನಗು. “ಮನೇಲಿ ಕಳೆ ಕೀಳು ಅಂದ್ರೆ ಸೊಂಟ ನೋವು, ಅಲ್ಲಿ ಕಳೆಗೆ ಪೂಜೆ!” ಎನ್ನುತ್ತಿದ್ದರು. ಕೆಲಸ ತಾತ್ಕಾಲಿಕ, ವರ್ಷ ಮುಗಿದರೆ ಮನೆಗೆ. ಕಾಯಂ ಆಗಬೇಕಾದರೆ ಸಂಗ್ರಹಾಲಯದ ಸಾಹೇಬರು ಒಳ್ಳೆಯ ಮಾತು ಬರೆಯಬೇಕು. ಸಾಹೇಬರದು ಒಂದೇ ಮಂತ್ರ: ಎಲ್ಲಿ ಬೆಳೆದದ್ದು ಎಂದು ತಿಳಿಯದ ಗಿಡ ದನದ ಮೇವಿಗೆ ಸಮ.

ಹೊಸದಾಗಿ ತಂದ ಗಿಡಗಳನ್ನು ಹಳೆಯ ಪೇಪರಿನ ಮಡಿಕೆಗಳಲ್ಲಿಟ್ಟು ಒತ್ತುಹಲಗೆಯಲ್ಲಿ ಬಿಗಿಯುತ್ತಿದ್ದೆವು. ಮಳೆಗಾಲದಲ್ಲಿ ದಿನಾ ಪೇಪರು ಬದಲಾಯಿಸಬೇಕು, ಇಲ್ಲದಿದ್ದರೆ ಬೂಸ್ಟು. ಪ್ರತಿ ಗಿಡದ ನಂಬರು ಪೇಪರಿನ ಅಂಚಿನಲ್ಲಿರುತ್ತದೆ, ಅದು ಎಲ್ಲಿ ಸಿಕ್ಕಿದ್ದೆಂಬುದು ಆ ನಂಬರಿನಡಿ ಟಿಪ್ಪಣಿ ಪುಸ್ತಕದಲ್ಲಿ. ಮೊದಲು ಹೊಸ ಪೇಪರಿನ ಮೇಲೆ ನಂಬರು ಬರೆದು, ಆಮೇಲೆ ಹಳೆಯದನ್ನು ತೆಗೆಯಬೇಕು. ಆ ದಿನ ಮಳೆಯೆಂದರೆ ಮಳೆ, ಕೈ ಮರಗಟ್ಟಿ ಹೋಗಿತ್ತು. ನಂಬರು ಆಮೇಲೆ ಬರೆದರಾಯಿತು ಎಂದು ಗಿಡಗಳನ್ನೆಲ್ಲ ಹೊಸ ಪೇಪರಿಗೆ ಹಾಕಿದೆ. ಹಳೆಯ ಪೇಪರನ್ನು ಮುದುರಿ ಒಲೆಗೆ ತುಂಬಿ ಹಾಯಾಗಿ ಕೈ ಕಾಯಿಸಿಕೊಂಡೆ. ಪೇಪರು ಬೂದಿಯಾದ ಮೇಲೆ ನೆನಪಾಯಿತು. ನಂಬರುಗಳೂ ಅದರೊಳಗೇ ಇದ್ದವಲ್ಲ!

ಮಿಕ್ಕ ಗಿಡಗಳನ್ನು ಗುರುತು ಹಿಡಿದು ನಂಬರು ಹಾಕಿದೆ. ಎರಡು ಜೇಕು ಮಾತ್ರ ಉಳಿದವು. ಒಂದು ನಾನೇ ನಮ್ಮ ನಂಜನಾಡಿನ ಜೌಗಿನಿಂದ ಕಿತ್ತು ತಂದದ್ದು, ಇನ್ನೊಂದನ್ನು ಬೆಟ್ಟದ ಕೆಳಗಿನ ಮಸಿನಗುಡಿಯ ಹೊಳೆಯಂಚಿನಿಂದ ಬೇರೆಯವರು ತಂದದ್ದು. ಅವಳಿ ಜವಳಿಯ ಹಾಗಿದ್ದವು, ಟಿಪ್ಪಣಿ ಪುಸ್ತಕದಲ್ಲೂ ಎರಡಕ್ಕೂ ಒಂದೇ ವರ್ಣನೆ. ಸಾಹೇಬರ ಮುಖ ನೆನೆದು ಬಾಯಿಗೆ ಬೀಗ ಬಿತ್ತು. ಕಣ್ಣು ಮುಚ್ಚಿ ಒಂದಕ್ಕೆ ನಂಜನಾಡು, ಒಂದಕ್ಕೆ ಮಸಿನಗುಡಿ ಎಂದು ಬರೆದುಬಿಟ್ಟೆ.

ಹದಿನೈದು ದಿನದ ಮೇಲೆ ಆ ಜೇಕುಗಳು ಹೊಲಿಗೆ ಅಕ್ಕನ ಮೇಜಿಗೆ ಬಂದವು. ಒಂದರ ಬೇರನ್ನು ಉಗುರಿನಿಂದ ಕೆದಕಿದರು, ಮೂಸಿದರು. ನನ್ನ ಜೊತೆ ಮಾತಾಡುವಾಗ ಬಡಗ ಮಾತನ್ನೂ ನಮ್ಮ ಕನ್ನಡವನ್ನೂ ಕಲಸಿ ಮಾತಾಡುತ್ತಿದ್ದರು.

“ಬಾ ಹೆಣ್ಣೇ, ಕುಳಿ,” ಎಂದು ಪಕ್ಕದ ಸ್ಟೂಲು ತೋರಿಸಿದರು. “ಈ ಚೀಟೀಲಿ ಏನ ಊರು?”

“ಮಸಿನಗುಡಿ ಅಕ್ಕಾ.”

“ನಿನಗ ಸರಿಯಾಗಿ ಗೊತ್ತಾ?”

“ಗೊತ್ತು. ನನಗೇನು ಕಣ್ಣಿಲ್ವಾ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಗೆ ಸಿಡುಕಿದೆ.

ಅವರು ನನ್ನ ಮುಖವನ್ನೇ ನೋಡಿದರು. “ಗೊತ್ತಿಲ್ಲೆ ಅಂದರೆ ತಲೆ ಹೋಗದಿಲ್ಲೆ, ಹೆಣ್ಣೇ,” ಎಂದರು. ಬೈಯಲಿಲ್ಲ. ಡಬ್ಬಿಯಿಂದ ಹಸಿರು ದಾರದ ಉಂಡೆ ತೆಗೆದು ಎರಡೂ ಹಾಳೆ ಹೊಲಿದರು. ಕೊನೆಯ ಗಂಟು ಹಾಕಿ, “ಬಿಳಿ ದಾರ ನೀನೇ ಹಾಕು. ಯಾವಾಗಾದರೂ,” ಎಂದರು. ಮಧ್ಯಾಹ್ನ ಎಂದಿನಂತೆ ತಮ್ಮ ಡಬ್ಬಿಯ ಅವರೆಕಾಳಿನ ಸಾರನ್ನು, ಅವರ ಮಾತಿನಲ್ಲಿ ಉದಕವನ್ನು, ನನ್ನ ಅನ್ನದ ಮೇಲೆ ಸುರಿದರು. ತಿಂದು, ಅವರ ಡಬ್ಬಿಯನ್ನೂ ತೊಳೆದಿಟ್ಟೆ.

ಸಾಹೇಬರು ಒಳ್ಳೆಯ ಮಾತು ಬರೆದರು, ನಾನು ಕಾಯಂ ಆದೆ. ಅಕ್ಕ ಅವರಿಗೆ ಒಂದು ಮಾತು ಹೇಳಿದ್ದರೆ ನನ್ನ ಅನ್ನ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಕಣ್ಣು ಮಂಜಾಗಿ ಕೆಲಸ ಬಿಡುವವರೆಗೂ ಮತ್ತೆ ಆ ಮಾತೆತ್ತಲಿಲ್ಲ. ಕೊನೆಯ ಸಲ ಕೆತ್ತಿಗೆ ಹೋಗಿದ್ದಾಗ ಹಾಸಿಗೆಯಲ್ಲಿದ್ದರು. ನನ್ನ ಕೈಯನ್ನು ಸವರಿ ಗುರುತು ಹಿಡಿದು, “ಒಳ್ಳೆಂಗೆ ಇದ್ದಿಯಾ? ಬಿಳಿ ದಾರ ಹಾಕಿದೆಯಾ?” ಎಂದು ಕೇಳಿದರು. ನಾನು, ಮಹಾ ಜಾಣೆ, ನಕ್ಕು ಟೀ ಲೀಫಿನ ರೇಟಿನ ಮಾತು ತೆಗೆದೆ. ಆ ಚಳಿಗಾಲ ಕಳೆಯುವ ಮೊದಲೇ ಅವರು ಹೋದರು.

ಕಳೆದ ವಾರ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಳು. ಕೈಯಲ್ಲಿ ಮಸಿನಗುಡಿ ಚೀಟಿಯ ಆ ಜೇಕಿನ ಫೋಟೋ ಇತ್ತು. ಅದರ ಜೋಡಿ ಎಲ್ಲೆಲ್ಲೂ ಬೆಳೆಯುವ ಜಾತಿ, ಇದು ಮಾತ್ರ ಬಲು ಅಪರೂಪದ್ದಂತೆ, ಬೇರೆಲ್ಲೂ ಸಿಕ್ಕಿಲ್ಲವಂತೆ. “ಮೇಡಂ, ಎರಡು ಮಳೆಗಾಲ ಮಸಿನಗುಡಿ ಹೊಳೆ ಪೂರ್ತಿ ಹುಡುಕಿದೆ. ಆನೆ ಅಟ್ಟಿಸಿಕೊಂಡು ಬಂತು, ಗಿಡ ಮಾತ್ರ ಸಿಗಲಿಲ್ಲ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಷ್ಟು ವರ್ಷ ನಾನು ಮುಟ್ಟದೇ ಬಿಟ್ಟಿದ್ದ ಬೀರನ್ನು ಅವಳ ಮುಂದೆಯೇ ತೆರೆದೆ. ಉದುರಿದ ಬೀಜ ಹಾಕಿಡಲು ಪ್ರತಿ ಹಾಳೆಯ ಮೂಲೆಯಲ್ಲೂ ಕಾಗದದ ಸಣ್ಣ ಪೊಟ್ಟಣವಿರುತ್ತದೆ. ಮಸಿನಗುಡಿ ಎಂದು ನಾನು ಬರೆದಿದ್ದ ಹಾಳೆಯ ಪೊಟ್ಟಣ ಬಿಚ್ಚಿದೆ. ಬೀಜದ ಜೊತೆ, ಅಕ್ಕ ಅಂದು ಬೇರಿನಿಂದ ಕೆದಕಿದ್ದ ಒಂದು ಚಿಟಿಕೆ ಮಣ್ಣಿತ್ತು. ಕಾಡಿಗೆಯಷ್ಟು ಕಪ್ಪು, ನಮ್ಮ ನಂಜನಾಡಿನ ಜೌಗಿನ ಮಣ್ಣು. ಮಸಿನಗುಡಿಯಲ್ಲಿ ಅಂಥ ಮಣ್ಣು ಇಲ್ಲವೇ ಇಲ್ಲ. ಜೋಡಿ ಹಾಳೆಯ ಪೊಟ್ಟಣದಲ್ಲಿ ಕೆಂಪು ಮರಳು. ಎರಡರಲ್ಲೂ ಒಂದೊಂದು ಮೊಳ ಬಿಳಿ ದಾರ, ಸುತ್ತಿಟ್ಟದ್ದು. ಅಯ್ಯೋ ಅಕ್ಕಾ... ಗಿಡದ ಸತ್ಯವನ್ನೂ ಉಳಿಸಿದಿರಿ, ನನ್ನ ಮಾನವನ್ನೂ ಉಳಿಸಿದಿರಿ. ಆ ಹುಡುಗಿಯ ಮುಂದೆಯೇ ಅತ್ತುಬಿಟ್ಟೆ.

ಆಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ. “ಹಾಗಾದರೆ ನಂಜನಾಡಿಗೆ ಹೋಗೋಣ ಮೇಡಂ,” ಎಂದು ಅವಳು ಎದ್ದೇ ಬಿಟ್ಟಳು. ಹೋದೆವು. ಜೌಗಿದ್ದಲ್ಲಿ ಈಗ ಕ್ಯಾರೆಟ್ಟಿನ ಪಾತಿಗಳಿವೆ. ನೀರು ಹೊರಗೆ ಬಿಡಲು ಕಾಲುವೆ ತೋಡಿದವರಲ್ಲಿ ನಮ್ಮಣ್ಣನೂ ಒಬ್ಬ. ಚೀಟಿ ಸರಿಯಿದ್ದು, ಇಲ್ಲೊಂದು ಅಪರೂಪದ ಹುಲ್ಲಿದೆ ಎಂದು ಯಾರಾದರೂ ಅಂದೇ ಹೇಳಿದ್ದರೆ ಕೇಳುತ್ತಿದ್ದನೋ ಇಲ್ಲವೋ, ಗೊತ್ತಿಲ್ಲ. ನಿಜ ಹೇಳುವ ಬಾಯಿ ನನ್ನದಾಗಿತ್ತು, ಹೇಳಲಿಲ್ಲ. ಸಂಜೆಯವರೆಗೆ ಬದು ಬದು ಹುಡುಕಿದೆವು. ಒಂದು ಎಸಳೂ ಸಿಗಲಿಲ್ಲ.

ನಮ್ಮಲ್ಲಿ ಹಳೆಯ ಚೀಟಿಯನ್ನು ಕೀಳುವಂತಿಲ್ಲ. ತಪ್ಪಿದ್ದರೆ ಪಕ್ಕದಲ್ಲಿ ಹೊಸ ಚೀಟಿ ಅಂಟಿಸಬೇಕು. ಮರುದಿನ ಎರಡು ಚೀಟಿ ಬರೆದೆ. ಊರು ಅದಲುಬದಲಾಗಿದೆ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದೆ. ಕನ್ನಡಕ ಏರಿಸಿ, ಹಸಿರು ಬಿಚ್ಚಿ, ಅವರು ಇಟ್ಟಿದ್ದ ಬಿಳಿ ದಾರದಲ್ಲೇ ಹೊಲಿದೆ. ನನ್ನ ಗಂಟುಗಳು ಕಡಲೆಕಾಳಿನಷ್ಟು ದಪ್ಪವಾದವು.

ಗಿಡ ತಂದವರಿಗೆ, ಹೆಸರಿಟ್ಟವರಿಗೆ ಚೀಟಿಯಲ್ಲಿ ಜಾಗವಿದೆ, ಹೊಲಿದವರಿಗೆ ಇಲ್ಲ. ಆದರೆ ತಿದ್ದಿದ್ದಕ್ಕೆ ಆಧಾರವೇನು ಎಂದು ಬರೆಯಲೇಬೇಕು. ‘ಬೇರಿನ ಮಣ್ಣು’ ಎಂದು ಬರೆದು, ಅದನ್ನು ಕಾದಿಟ್ಟವರು ಎಂದು ಅಕ್ಕನ ಪೂರ್ತಿ ಹೆಸರು ಬರೆದೆ. ಇಂಗ್ಲಿಷಿನಲ್ಲಿ ಒಮ್ಮೆ, ಕೆಳಗೆ ತಮಿಳಿನಲ್ಲಿ ಇನ್ನೊಮ್ಮೆ. ಅವರಿಗೆ ಓದಲು ಬರುತ್ತಿದ್ದದ್ದು ತಮಿಳು ಮಾತ್ರ.