ಕೋಲಕ್ಕನ ಬಿಳಿ ಟೋಪಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಲಿಯರ್ಡ್ಸ್‌ನಂಥ ಪೂಲ್ ಆಟದ ಹಾಲ್‌ನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಮರ ಕಡೆಯುವ ಲೇತ್ ಗುಂಯ್ ಎಂದು ತಿರುಗುತ್ತಿದೆ. ಅದಕ್ಕೆ ಸಿಕ್ಕಿಸಿರುವುದು ಪೂಲ್ ಆಡುವ ಕೋಲೊಂದರ ಮುಂಭಾಗ. ಉಳಿ ಹಿಡಿದು ಅದರೆದುರು ನಿಂತಿರುವವರು ತಾಯಿ, ಬಾಗಿಲಿಗೆ ಒರಗಿ ನಿಂತಿರುವವಳು ಮಗಳು. ಕೋಲು ಮಗಳದ್ದು. ಇವತ್ತು ಮಧ್ಯಾಹ್ನ ಅದೇ ಕೋಲು ಹಿಡಿದು ಅವಳು ಕಿರಿಯರ ತಂಡದ ಆಯ್ಕೆಯ ಕೊನೆಯ ಪಂದ್ಯ ಆಡಬೇಕು. ನೋಡಿದರೆ ಎಳ್ಳಷ್ಟೂ ದೋಷ ಕಾಣದ ಆ ಕೋಲಿನ ತುದಿಯನ್ನು ಹೆತ್ತ ತಾಯಿಯೇ ಕೆತ್ತಿ ತೆಗೆಯಲು ಹೊರಟಿದ್ದಾರೆ.

ಕೈಕೆಲಸದವರೊಬ್ಬರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಬಂದ ನನಗೆ, ಬೆಳಗಾಗೆದ್ದು ಇಂಥದ್ದನ್ನು ನೋಡುವ ಗ್ರಹಚಾರ ಕಾದಿದೆಯೆಂದು ಹೇಗೆ ಗೊತ್ತಾಗಬೇಕು?

ಪೂಲ್ ಹಾಲ್‌ಗೆ ಬರುವವರ ಬಾಯಲ್ಲಿ ಇವರು ಕೋಲಕ್ಕ. ವಯಸ್ಸು ಐವತ್ತರ ಆಚೀಚೆ. ಅಪ್ಪನ ಮರದಂಗಡಿಯಲ್ಲಿ ಮಂಚದ ಕಾಲು, ಲಟ್ಟಣಿಗೆ, ಬುಗುರಿ ಕಡೆಯುತ್ತ ಬೆಳೆದವರು. ಮದುವೆಯಾದದ್ದು ಪೂಲ್ ಮೇಜುಗಳಿಗೆ ಹಸಿರು ಬಟ್ಟೆ ಹೊದಿಸುವವರನ್ನು. ಒಂದು ದಿನ ಗಂಡ ಮುರಿದ ಕೋಲೊಂದನ್ನು ತಂದು, ಇದೇನಾದರೂ ಸರಿಹೋಗುತ್ತದಾ ನೋಡು ಎಂದರಂತೆ. ಸರಿ ಮಾಡಿದ್ದಾಯಿತು, ಆಮೇಲೆ ಹೊಸದನ್ನೇ ಮಾಡುವ ಹುಚ್ಚು ಹತ್ತಿತು. ಮೊದಲ ಕೋಲು ಮೊದಲ ಹೊಡೆತಕ್ಕೇ ಸೀಳಿತು. ಮಂಚದ ಕಾಲು ಹಿಡಿದು ಆಡಿದ್ದರೆ ಇದಕ್ಕಿಂತ ವಾಸಿ ಎಂದು ಆಡಲು ಬಂದವರೆಲ್ಲ ಬಿದ್ದು ಬಿದ್ದು ನಕ್ಕರು. ಕೋಲಕ್ಕ ಈಗ ಅದನ್ನು ನಗುತ್ತಲೇ ಹೇಳುತ್ತಾರೆ, ಗಂಡನೂ ನಕ್ಕಿದ್ದರು ಎಂಬುದನ್ನು ಮಾತ್ರ ತಪ್ಪದೆ ಸೇರಿಸುತ್ತಾರೆ.

ಮರವನ್ನು ಒಂದೇ ಸಲಕ್ಕೆ ಸಣ್ಣ ಮಾಡುವಂತಿಲ್ಲ. ಸ್ವಲ್ಪ ಕಡೆದು, ತಿಂಗಳುಗಟ್ಟಲೆ ನೇತುಹಾಕಿ, ಬಾಗುವುದಿದ್ದರೆ ಈಗಲೇ ಬಾಗಲಿ ಎಂದು ಬಿಟ್ಟು, ಮತ್ತೆ ಕಡೆಯಬೇಕು. ಗೋಡೆಯುದ್ದಕ್ಕೂ ಅರೆಬರೆ ಕೋಲುಗಳು ತೂಗುತ್ತಿವೆ. ವಾರಕ್ಕೆ ಎರಡು ಮೂರು ಮುಗಿದರೆ ಅದೇ ದೊಡ್ಡದು. ಮರದ ಧೂಳು ಕುಡಿದೂ ಕುಡಿದೂ ಕೆಮ್ಮು ಬೆನ್ನು ಬಿಡುವುದಿಲ್ಲ. ಅದನ್ನೆಲ್ಲ ಅವರು ಲೆಕ್ಕಕ್ಕೇ ಇಟ್ಟಿಲ್ಲ. ಅವರ ನಿದ್ದೆ ಕೆಡಿಸುವುದು ಕೋಲಿನ ತುದಿಯೊಂದೇ.

ಚೆಂಡಿಗೆ ತಾಗುವುದು ಚರ್ಮದ ಸಣ್ಣ ಬಿಲ್ಲೆ. ಆ ಬಿಲ್ಲೆಗೂ ಮರಕ್ಕೂ ನಡುವೆ ಹೆಬ್ಬೆರಳಿನ ಗೆಣ್ಣಿನಷ್ಟು ಬಿಳಿ ಕೊಳವೆಯೊಂದಿರುತ್ತದೆ. ಫೆರೂಲ್ ಎನ್ನುತ್ತಾರೆ, ಈ ಶೆಡ್ಡಿನಲ್ಲಿ ಅದು ಬರೀ ಟೋಪಿ. ಟೋಪಿ ಹಾಕುವುದೇ ನನ್ನ ಕಸುಬು ಎಂದು ಹೊಸಬರನ್ನು ಗಾಬರಿಪಡಿಸುವುದು ಕೋಲಕ್ಕನ ಹಳೆಯ ತಮಾಷೆ. ಹೊಡೆತದ ಪೆಟ್ಟನ್ನು ತಾನು ತಿಂದು ಮರ ಸೀಳದಂತೆ ಕಾಯುವುದು ಅದರ ಕೆಲಸ. ಕ್ಲಾಸಿಗೆ ಚಕ್ಕರ್ ಹೊಡೆದು ವರ್ಷಗಟ್ಟಲೆ ಪೂಲ್ ಆಡಿದ ನಾನು ಅದನ್ನು ಒಮ್ಮೆಯೂ ಕಣ್ಣೆತ್ತಿ ನೋಡಿಲ್ಲ.

ಅದನ್ನು ಕೂರಿಸುವುದು ಹೀಗೆ: ಕೋಲಿನ ತುದಿಯನ್ನು ಗೂಟದಂತೆ ಕಡೆದು, ಅಂಟು ಸವರಿ, ಮೇಲೆ ಕೊಳವೆ ಒತ್ತಬೇಕು. ಗೂಟ ಸಣ್ಣದಾದರೆ ಟೋಪಿ ಸಮೇತ ಮುರಿಯುತ್ತದೆ, ದಪ್ಪವಾದರೆ ಟೋಪಿಯ ಗೋಡೆ ತೆಳುವಾಗಿ ಬಿರಿಯುತ್ತದೆ. ಗೂಟಕ್ಕೆ ಸ್ಕ್ರೂವಿನಂತೆ ತಿರುಪು ಕೊರೆದರೆ ಹಿಡಿತವೇನೋ ಬಿಗಿ, ಆದರೆ ಕೊರೆದ ಗೆರೆಯಲ್ಲೇ ಮರ ತುಂಡಾಗುವುದೂ ಉಂಟು. ಉದ್ದದ ಟೋಪಿ ಚಂದ, ಗಿಡ್ಡದ್ದು ಬಾಳಿಕೆ. ಎಲ್ಲವನ್ನೂ ಮುರಿದು ಮುರಿದೇ ಕಲಿತ ಕೋಲಕ್ಕ ಕೊನೆಗೆ ನೆಚ್ಚಿಕೊಂಡದ್ದು ತಲೆ ಮುಚ್ಚಿದ ಗಿಡ್ಡ ಟೋಪಿಯನ್ನು. ಬಾಟಲಿಯ ಮುಚ್ಚಳದ ಹಾಗೆ ನೆತ್ತಿಯೂ ಮುಚ್ಚಿರುವುದರಿಂದ ಪೆಟ್ಟು ನೇರವಾಗಿ ಮರಕ್ಕೆ ಬೀಳುವುದಿಲ್ಲ. ಇಷ್ಟು ವರ್ಷ ಅದರ ಮೇಲೆ ಒಂದು ದೂರೂ ಬಂದಿರಲಿಲ್ಲ.

ನಿನ್ನೆ ಸಂಜೆ ಬಂತು. ಹಳೆಯ ಗಿರಾಕಿಯೊಬ್ಬರ ಕೋಲಿನ ಟೋಪಿ ಆಟದ ನಡುವೆಯೇ ಚಟ್ಟೆಂದು ಒಡೆದಿತ್ತು. ಒಳಗೆ ನೋಡಿದರೆ ಗೂಟದ ನೆತ್ತಿಗೂ ಟೋಪಿಯ ಮುಚ್ಚಳಕ್ಕೂ ನಡುವೆ ಟೊಳ್ಳು. ಟೋಪಿ ಒತ್ತುವಾಗ ಒಳಗಿನ ಗಾಳಿ ಹೊರಹೋಗಲೆಂದು ಗೂಟದ ಪಕ್ಕದಲ್ಲಿ ಕೂದಲೆಳೆಯಷ್ಟು ಗೀರು ಹಾಕಬೇಕು. ಆ ಕೋಲಿಗೆ ಹಾಕಲು ಮರೆತಿದ್ದಾರೆ. ಸಿಕ್ಕಿಕೊಂಡ ಗಾಳಿ ಟೋಪಿಯನ್ನು ಪೂರ್ತಿ ಕೂರಲು ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ಆ ಕೋಲಿಗೆ ಟೋಪಿ ಹಾಕಿದ ದಿನವೇ, ಒಂದಾದ ಮೇಲೊಂದರಂತೆ, ಮಗಳ ಕೋಲಿಗೂ ಹಾಕಿದ್ದು.

“ಗಾಳಿಗೆ ದಾರಿ ಬಿಟ್ಟಿದ್ನೋ ಇಲ್ವೋ, ಎಷ್ಟು ತಲೆ ಕೆರ್ಕೊಂಡ್ರೂ ನೆನಪಾಗ್ತಿಲ್ಲ” ಎನ್ನುತ್ತಾರೆ ಕೋಲಕ್ಕ. ತಟ್ಟಿ ನೋಡಿದ್ದಾರೆ, ಕಿವಿಗಿಟ್ಟು ಕೇಳಿದ್ದಾರೆ. ಏನೂ ಗೊತ್ತಾಗಿಲ್ಲ. ಕೆತ್ತದೆ ಒಳಗನ್ನು ನೋಡುವ ಉಪಾಯ ಅವರ ಬಳಿ ಇಲ್ಲ.

ಮಗಳ ಮಾತಿನಲ್ಲೂ ನ್ಯಾಯವಿದೆ. ಅವಳ ಕೈ ಎರಡು ವರ್ಷದಿಂದ ಆ ತುದಿಗೆ ಒಗ್ಗಿದೆ. ಹೊಸ ಟೋಪಿ, ಹೊಸ ಚರ್ಮ ಎಂದರೆ ಹೊಡೆತದ ಅಂದಾಜೇ ತಪ್ಪುತ್ತದೆ. ಹಿಂದೆ ಎರಡು ಸಲ ಇಲ್ಲಿಯವರೆಗೂ ಬಂದು ಬರಿಗೈಯಲ್ಲಿ ಮರಳಿದವಳು. ಬರುವ ವರ್ಷ ವಯಸ್ಸಿನ ಮಿತಿ ದಾಟುತ್ತದೆ, ಈ ತಂಡಕ್ಕೆ ಇದೇ ಕೊನೆಯ ಅವಕಾಶ. ಪಂದ್ಯವೊಂದು ಮುಗಿಯಲಿ, ಆಮೇಲೆ ಏನು ಬೇಕಾದರೂ ಮಾಡಿಕೋ ಎಂದು ಗೋಗರೆಯುತ್ತಾಳೆ.

“ಒಳಗೆ ಸರಿಯಾಗೇ ಇದ್ರೆ ಏನಮ್ಮ ಮಾಡ್ತೀಯ?”

“ಸರಿಯಾಗಿದ್ರೆ ನಾನು ಸುಮ್ಸುಮ್ನೆ ಕೆತ್ತಿ ತಪ್ಪು ಮಾಡ್ದೆ ಅಂತಾಗತ್ತೆ. ಸರಿ ಇಲ್ದೇ ಇದ್ರೆ ನೀನು ಆಟದ ಮಧ್ಯ ಏನ್ ಮಾಡ್ತೀಯ ಪುಟ್ಟಿ?”

ಮಗಳು ಮುಂದೆ ಬಂದು ತಡೆಯುವುದಿಲ್ಲ. ಉಳಿ ತಾಗುತ್ತದೆ. ಚರ್ಮದ ಬಿಲ್ಲೆ ಹಾರಿಹೋಗುತ್ತದೆ, ಬಿಳಿ ಪುಡಿ ಉದುರುತ್ತದೆ. ಮುಚ್ಚಳ ತೆಳುವಾಗುತ್ತ ಆಗುತ್ತ ಕೊನೆಗೆ ಮರ ಕಾಣಿಸುತ್ತದೆ. ಟೊಳ್ಳಿಲ್ಲ. ಗೂಟ ಮುಚ್ಚಳಕ್ಕೆ ತಾಗಿಯೇ ಕೂತಿದೆ, ಗೀರು ಇರಬೇಕಾದಲ್ಲೇ ಇದೆ, ಅದರ ತುಂಬ ಅಂಟು ಗಟ್ಟಿಯಾಗಿದೆ. ಅಯ್ಯೋ ದೇವರೇ, ಕಲ್ಲಿನಂತಿದ್ದದ್ದನ್ನು ಕೈಯಾರೆ ಹಾಳು ಮಾಡಿದಂತಾಯಿತಲ್ಲ! ಮಗಳು ರೇಗಿದ್ದರೂ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವಳು ಕೆನ್ನೆ ಒರೆಸಿಕೊಂಡು ಪೂಲ್ ಹಾಲ್‌ನ ಒಳಕ್ಕೆ ಹೋಗಿಬಿಡುತ್ತಾಳೆ.

“ದಾರಿ ಬಿಟ್ಟಿದೀನಿ” ಎಂದಷ್ಟೇ ಹೇಳಿ ಕೋಲಕ್ಕ ಉಳಿದ ಟೋಪಿಯನ್ನೂ ಕೆತ್ತುತ್ತಾರೆ. ಒಂದು ಗಳಿಗೆ ಲೇತ್ ನಿಲ್ಲಿಸಿ, ಎರಡೂ ಅಂಗೈಯನ್ನು ಸೀರೆಗೆ ಉಜ್ಜಿಕೊಂಡು, ಮತ್ತೆ ಶುರು ಮಾಡುತ್ತಾರೆ. ಹೊಸದಾಗಿ ಕೂರಿಸುವುದು ಎರಡೂ ಕಡೆ ತೆರೆದ ಟೋಪಿ. ಇದರಲ್ಲಿ ಗೂಟ ನೆತ್ತಿಯವರೆಗೂ ಬಂದು ಕಾಣಿಸುತ್ತದೆ. ಮರಕ್ಕೆ ಪೆಟ್ಟು ತುಸು ಹೆಚ್ಚೆಂದು ಚರ್ಮದ ಕೆಳಗೆ ಗಟ್ಟಿ ಹಾಳೆಯ ತೆಳು ಬಿಲ್ಲೆಯೊಂದನ್ನು ಇಡುತ್ತಾರೆ. ಇನ್ನು ಮೇಲೆ ಎಲ್ಲರಿಗೂ ಇದೇ, ಚರ್ಮ ಅಂಟಿಸುವ ಮುಂಚೆ ಕಣ್ಣಾರೆ ನೋಡಬಹುದಲ್ಲ ಎನ್ನುತ್ತಾರೆ. ಬೇಗ ಒಣಗುವ ಅಂಟು, ಹೊತ್ತು ಏರುವಷ್ಟರಲ್ಲಿ ಕೋಲು ಸಿದ್ಧ.

ಪಂದ್ಯಕ್ಕೆ ಕೋಲಕ್ಕ ಬರುವುದಿಲ್ಲ. ಮಗಳ ಆಟ ನೋಡುವ ಧೈರ್ಯ ಅವರಿಗೆ ಯಾವತ್ತೂ ಇಲ್ಲವಂತೆ. ನಾನು ಹೋಗುತ್ತೇನೆ. ಮೊದಲ ಹೊಡೆತಕ್ಕೆ ಚೆಂಡುಗಳು ಸಿಡಿದಾಗ ಎಲ್ಲರೂ ಮೇಜು ನೋಡಿದರೆ ನಾನು ಕೋಲಿನ ತುದಿ ನೋಡುತ್ತೇನೆ. ಬಿಳಿ ಟೋಪಿ ಇದ್ದಲ್ಲೇ ಇದೆ. ಹುಡುಗಿ ಚೆನ್ನಾಗಿಯೇ ಆಡುತ್ತಾಳೆ. ಸಮ ಸಮ ಸಾಗಿ ಆಟ ಕೊನೆಯ ಚೆಂಡಿಗೆ ಬರುತ್ತದೆ. ಅವಳು ಹೊಡೆಯುತ್ತಾಳೆ, ಚೆಂಡು ಗುಂಡಿಯ ಅಂಚಿಗೆ ಬಡಿದು ಹಿಂದಕ್ಕೆ ಉರುಳುತ್ತದೆ. ಎದುರಾಳಿ ಅದನ್ನು ಸಲೀಸಾಗಿ ಹಾಕುತ್ತಾಳೆ. ಮುಗಿಯಿತು.

ಅವಳ ಜೊತೆ ನಾನೂ ಮರಳುತ್ತೇನೆ. ಶೆಡ್ಡಿನಲ್ಲಿ ಇನ್ನು ಏನು ಕಾದಿದೆಯೋ ಎಂದು ನನಗೆ ಪುಕುಪುಕು. ಮುಖ ನೋಡಿಯೇ ಫಲಿತಾಂಶ ತಿಳಿದ ಕೋಲಕ್ಕ ಕೇಳುವುದು ಒಂದೇ ಮಾತು.

“ಟೋಪಿಯಿಂದ ಆಯ್ತಾ?”

ಹೌದು ಎಂದುಬಿಟ್ಟರೆ ಮಗಳ ಹೊರೆ ಅಷ್ಟೂ ಇಳಿಯುತ್ತದೆ. ನಾನಾಗಿದ್ದರೆ ಖಂಡಿತ ಅಂದುಬಿಡುತ್ತಿದ್ದೆ.

“ಇಲ್ಲಮ್ಮ. ಟೋಪಿ ಚೆನ್ನಾಗಿತ್ತು. ನಾನೇ ಅವಸರ ಮಾಡ್ದೆ.”

ಕೋಲಕ್ಕನ ಮುಖ ಅರಳುತ್ತದೆ. ಹೆತ್ತ ಮಗಳು ಸೋತು ಬಂದು ಎದುರಿಗೆ ನಿಂತಿದ್ದಾಳೆ, ಈ ತಾಯಿಯ ಮುಖ ಅರಳುತ್ತಿದೆ! ನಾನು ಕಕ್ಕಾಬಿಕ್ಕಿಯಾಗಿ ನೋಡುತ್ತ ನಿಲ್ಲುತ್ತೇನೆ. ಮರುಕ್ಷಣವೇ ಅವರಿಗೆ ಅಳು ಬರುತ್ತದೆ. ಮಗಳನ್ನು ಬಾಚಿ ತಬ್ಬಿಕೊಳ್ಳುತ್ತಾರೆ, ಇಬ್ಬರೂ ಮರದ ಪುಡಿಯ ನಡುವೆ ನಿಂತು ಅಳುತ್ತಾರೆ.

ಅಳು ನಿಂತ ಮೇಲೆ, ಈ ಕಸುಬಿನಲ್ಲಿ ನಿಮ್ಮ ಆಸೆಯೇನು ಎಂದು ಕೋಲಕ್ಕನನ್ನು ಕೇಳುತ್ತೇನೆ. ಅವರು ಮಗಳ ತಲೆ ನೇವರಿಸುತ್ತ ಹೇಳುತ್ತಾರೆ:

“ನನ್ನ ಕೋಲು ಹಿಡಿದು ಸೋತೋರು ತಮ್ಮನ್ನ ತಾವೇ ಬೈಕೋಬೇಕು ನೋಡಿ, ಕೋಲನ್ನ ಬೈಯೋ ಹಾಗಾಗಬಾರ್ದು. ಅಷ್ಟಾದ್ರೆ ಸಾಕು ನಂಗೆ.”